ಪಿಸ್ತೂಲಿನ ಎದುರು ಹಾರ್ಪೂನ್: ಹತ್ತು ದಿನಗಳಲ್ಲಿ ಮುಗಿದ ಒಂದು ವೆಸ್ಟರ್ನ್

ಪ್ರಶ್ನೆ: ಈಚೆಗೆ ‘ಟೆರರ್ ಇನ್ ಎ ಟೆಕ್ಸಾಸ್ ಟೌನ್’ ಎಂಬ 1958ರ ಕಪ್ಪು-ಬಿಳುಪು ಚಿತ್ರವನ್ನು ನೋಡಿದೆ. ಬಾಡಿಗೆ ಬಂದೂಕುಗಾರನೊಬ್ಬನನ್ನು ಎದುರಿಸಲು ನಾಯಕ ಹಾರ್ಪೂನ್ ಎಂಬ ತಿಮಿಂಗಿಲ ಬೇಟೆಯ ಈಟಿ ಹೊತ್ತು ಬೀದಿಯಲ್ಲಿ ನಡೆದುಬರುವುದನ್ನು ಕಂಡು ನಗು ಬಂತು. ಆದರೂ ಸಿನಿಮಾ ಬಲ್ಲವರು ಇದನ್ನು ಗಂಭೀರವಾಗಿ ಮಾತನಾಡುತ್ತಾರೆ. ಕಡಿಮೆ ದುಡ್ಡಿನಲ್ಲಿ ತೆಗೆದದ್ದೆಂಬ ಕಾರಣಕ್ಕೆ ತೋರಿಸುವ ರಿಯಾಯಿತಿಯೇ ಇದು? ಬಣ್ಣ ಬಂದು ಅಷ್ಟು ವರ್ಷಗಳಾದ ಮೇಲೂ ಕಪ್ಪು-ಬಿಳುಪೇಕೆ? ಕೊನೆಯ ಕಾಳಗವನ್ನು ಚಿತ್ರದ ಆರಂಭದಲ್ಲೇ ತೋರಿಸಿಬಿಡುವುದರ ಅರ್ಥವೇನು?

ಉತ್ತರ: ನಿಮಗೆ ನಗು ಬಂದದ್ದರಲ್ಲಿ ತಪ್ಪೇನೂ ಇಲ್ಲ. ಪಿಸ್ತೂಲಿನವನ ಎದುರು ಹಾರ್ಪೂನಿನವನನ್ನು ನಿಲ್ಲಿಸುವುದು ಯಾವ ಲೆಕ್ಕದಲ್ಲೂ ವಿಚಿತ್ರವಾದ ಕಲ್ಪನೆಯೇ, ಮತ್ತು ಅದನ್ನು ತೆರೆಯ ಮೇಲೆ ತಂದ ನಿರ್ದೇಶಕ ಜೋಸೆಫ್ ಎಚ್. ಲೂಯಿಸ್ ಅವರಿಗೂ ಅದರ ವಿಚಿತ್ರತನ ಗೊತ್ತಿಲ್ಲದೆ ಇರಲಿಲ್ಲ. ಆದರೆ ಈ ಚಿತ್ರಕ್ಕೆ ಸಲ್ಲುವ ಗೌರವ ರಿಯಾಯಿತಿಯ ಗೌರವ ಎಂದು ನಾನು ಒಪ್ಪುವುದಿಲ್ಲ. ಚಿತ್ರದ ನಾಯಕ ಹಾರ್ಪೂನ್ ಹಿಡಿದವನೆಂದುಕೊಂಡು ನೋಡಿದರೆ ಅದು ಅರ್ಧ ತಮಾಷೆಯಾಗಿ ಕಾಣುತ್ತದೆ. ಇದು ನಿಜವಾಗಿ ಅವನ ಎದುರಿಗೆ ನಿಂತ ಬಂದೂಕುಗಾರನ ಕಥೆ ಎಂದು ಹಿಡಿದರೆ, ನೀವು ಕೇಳಿದ ಮೂರೂ ಪ್ರಶ್ನೆಗಳಿಗೆ ಒಂದೇ ದಿಕ್ಕಿನಿಂದ ಉತ್ತರ ಸಿಗುತ್ತದೆ.

ಚಿತ್ರ ನೋಡದ ಓದುಗರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಟೆಕ್ಸಾಸಿನ ಪ್ರೈರಿ ಸಿಟಿ ಎಂಬ ಪುಟ್ಟ ಊರಿನಲ್ಲಿ ಎಡ್ ಮ್ಯಾಕ್‌ನೀಲ್ ಎಂಬ ಧನಿಕನಿದ್ದಾನೆ. ರೈತರ ಹೊಲಗಳ ಅಡಿಯಲ್ಲಿ ಎಣ್ಣೆ ಇದೆಯೆಂಬ ಗುಟ್ಟು ಅವನಿಗೆ ತಿಳಿದಿದೆ, ರೈತರಿಗೆ ತಿಳಿದಿಲ್ಲ. ಬೆದರಿಕೆಗೆ ಬಗ್ಗದವರನ್ನು ಎಬ್ಬಿಸಲು ಅವನು ಜಾನಿ ಕ್ರೇಲ್ ಎಂಬ ಗನ್‌ಸ್ಲಿಂಗರ್‌ನನ್ನು ಕರೆಸಿಕೊಳ್ಳುತ್ತಾನೆ. ಕ್ರೇಲ್ ಮೊದಲು ಕೊಲ್ಲುವುದು ಸ್ವೆನ್ ಹ್ಯಾನ್ಸನ್ ಎಂಬ ಸ್ವೀಡಿಷ್ ಮುದುಕನನ್ನು. ಪಕ್ಕದ ಹೊಲದ ಮೆಕ್ಸಿಕನ್ ರೈತ ಹೋಸೆ ಮಿರಾಡಾ ಆ ಕೊಲೆಯನ್ನು ಕಣ್ಣಾರೆ ಕಂಡರೂ ಹೆಂಡತಿ ಮಕ್ಕಳ ಗತಿಯೇನೆಂದು ಹೆದರಿ ಬಾಯಿ ಬಿಡುವುದಿಲ್ಲ. ವರ್ಷಗಟ್ಟಲೆ ತಿಮಿಂಗಿಲ ಬೇಟೆಯ ಹಡಗುಗಳಲ್ಲಿ ದುಡಿದ ಮಗ ಜಾರ್ಜ್ ಹ್ಯಾನ್ಸನ್ ಅಪ್ಪನನ್ನು ಕಾಣಲೆಂದು ಊರಿಗೆ ಬಂದಿಳಿದಾಗ ಅಪ್ಪ ಸತ್ತಿರುತ್ತಾನೆ, ಕೊಂದವರಾರೆಂದು ಹೇಳುವವರು ಯಾರೂ ಇರುವುದಿಲ್ಲ. ಜಾರ್ಜ್ ಪಾತ್ರದಲ್ಲಿ ಸ್ಟರ್ಲಿಂಗ್ ಹೇಡನ್, ಮ್ಯಾಕ್‌ನೀಲ್ ಆಗಿ ಸೆಬಾಸ್ಟಿಯನ್ ಕ್ಯಾಬಟ್, ಮಿರಾಡಾ ಆಗಿ ವಿಕ್ಟರ್ ಮಿಲಾನ್, ಕ್ರೇಲ್ ಆಗಿ ನೆಡ್ರಿಕ್ ಯಂಗ್ ನಟಿಸಿದ್ದಾರೆ.

ಮೊದಲು ದುಡ್ಡಿನ ವಿಚಾರ. ಈ ಚಿತ್ರಕ್ಕೆ ಸಾಮಾನ್ಯವಾಗಿ ಹೇಳಲಾಗುವ ಲೆಕ್ಕ ಹತ್ತು ದಿನಗಳ ಚಿತ್ರೀಕರಣ ಮತ್ತು ಸುಮಾರು 80,000 ಡಾಲರ್. ಇದರ ಗಾತ್ರ ಅರಿವಾಗಲು ‘ಹೈ ನೂನ್’ ಚಿತ್ರವನ್ನು ಪಕ್ಕಕ್ಕಿಟ್ಟು ನೋಡಬಹುದು. ಆರು ವರ್ಷ ಹಿಂದೆ, ಅದೇ ಕಪ್ಪು-ಬಿಳುಪಿನಲ್ಲಿ, ಅದೂ ಹಿತಮಿತವಾದ ಖರ್ಚಿನಲ್ಲಿ ತಯಾರಾದ ಆ ಚಿತ್ರಕ್ಕೆ ಏಳು ಲಕ್ಷ ಡಾಲರಿಗೂ ಹೆಚ್ಚು ತಗಲಿತ್ತು. ನಮ್ಮ ಚಿತ್ರದ ಅವಧಿ ಸುಮಾರು 80 ನಿಮಿಷ. ಅಂದರೆ ದಿನಕ್ಕೆ ಎಂಟು ನಿಮಿಷದಷ್ಟು ಸಿದ್ಧ ಚಿತ್ರ ಕ್ಯಾಮೆರಾದಿಂದ ಹೊರಬರಬೇಕು. ದೊಡ್ಡ ಸ್ಟುಡಿಯೊಗಳ ಚಿತ್ರಗಳಲ್ಲಿ ದಿನಕ್ಕೆ ಎರಡು ಮೂರು ನಿಮಿಷ ಬಂದರೆ ಕೆಲಸ ಚೆನ್ನಾಗಿ ಸಾಗಿದೆ ಎಂದು ಭಾವಿಸುತ್ತಿದ್ದ ಕಾಲವದು. ಇಷ್ಟು ಬಿಗಿ ಹಿಡಿಯುವುದಕ್ಕೆ ಕಾರಣ ವ್ಯಾಪಾರದಲ್ಲಿತ್ತು. ಬಿ-ಚಿತ್ರಗಳೆಂದು ಕರೆಯಲಾಗುತ್ತಿದ್ದ, ಒಂದೇ ಟಿಕೆಟಿಗೆ ಎರಡು ಚಿತ್ರ ತೋರಿಸುವ ಪದ್ಧತಿಯಲ್ಲಿ ಎರಡನೆಯದಾಗಿ ಓಡುತ್ತಿದ್ದ ಇಂಥ ಚಿತ್ರಗಳಿಗೆ ಚಿತ್ರಮಂದಿರಗಳು ಗಳಿಕೆಯಲ್ಲಿ ಪಾಲು ಕೊಡುತ್ತಿರಲಿಲ್ಲ, ಗೊತ್ತುಪಡಿಸಿದ ಬಾಡಿಗೆಯನ್ನಷ್ಟೇ ಕೊಡುತ್ತಿದ್ದವು. ಚಿತ್ರ ಎಷ್ಟೇ ಚೆನ್ನಾಗಿ ಓಡಿದರೂ ಬರುವ ಹಣಕ್ಕೊಂದು ಮಿತಿ ಇದ್ದುದರಿಂದ ಖರ್ಚಿಗೂ ಮಿತಿ ಹಾಕದೆ ಗತಿಯಿರಲಿಲ್ಲ. 1948ರ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿನ ಪರಿಣಾಮವಾಗಿ ದೊಡ್ಡ ಸ್ಟುಡಿಯೊಗಳು ತಮ್ಮ ಚಿತ್ರಮಂದಿರ ಸರಣಿಗಳನ್ನು ಬಿಟ್ಟುಕೊಡಬೇಕಾಯಿತು, ಬಿ-ಚಿತ್ರಗಳಿಗಿದ್ದ ಖಚಿತ ತೆರೆಗಳೂ ಕೈತಪ್ಪಿದವು. ಅದರ ಬೆನ್ನಿಗೇ ಟಿವಿ ಬಂದು ಕುದುರೆ-ಪಿಸ್ತೂಲುಗಳ ಕಥೆಯನ್ನು ಮನೆಮನೆಗೆ ಪುಕ್ಕಟೆಯಾಗಿ ಹಂಚತೊಡಗಿತು. 1958-59ರ ಹೊತ್ತಿಗೆ ಅಮೆರಿಕದಲ್ಲಿ ಅತಿ ಹೆಚ್ಚು ಜನ ನೋಡುತ್ತಿದ್ದ ಹತ್ತು ಟಿವಿ ಕಾರ್ಯಕ್ರಮಗಳಲ್ಲಿ ಏಳು ವೆಸ್ಟರ್ನ್‌ಗಳೇ ಆಗಿದ್ದವು. ಮನೆಯಲ್ಲಿ ಬಿಟ್ಟಿಯಾಗಿ ಸಿಗುವುದನ್ನು ಟಿಕೆಟ್ ಕೊಂಡು ನೋಡಿ ಎನ್ನುವ ಚಿತ್ರಕ್ಕೆ ಯಾರು ದುಡ್ಡು ಸುರಿದಾರು?

ಕಪ್ಪು-ಬಿಳುಪಿಗೆ ಮೊದಲ ಕಾರಣ ಇದೇ ಉಳಿತಾಯ. ಬಣ್ಣದ ತಂತ್ರಜ್ಞಾನ ಇದ್ದಾಕ್ಷಣ ಎಲ್ಲರೂ ಬಣ್ಣಕ್ಕೆ ಹೋಗಲಿಲ್ಲ ಎಂಬುದು ಕನ್ನಡ ಪ್ರೇಕ್ಷಕರಿಗೆ ಹೊಸ ಸಂಗತಿಯಲ್ಲ. 1964ರಲ್ಲಿ ‘ಅಮರಶಿಲ್ಪಿ ಜಕಣಾಚಾರಿ’ ಪೂರ್ಣ ವರ್ಣದಲ್ಲಿ ಬಂದ ಮೇಲೂ ನಮ್ಮಲ್ಲಿ ಎಪ್ಪತ್ತರ ದಶಕದವರೆಗೆ ಕಪ್ಪು-ಬಿಳುಪು ಚಿತ್ರಗಳು ತಯಾರಾಗುತ್ತಲೇ ಇದ್ದವು. ಆದರೆ ಲೂಯಿಸ್ ಅವರ ವಿಷಯದಲ್ಲಿ ಇನ್ನೊಂದು ಕಾರಣವನ್ನೂ ಸೇರಿಸಬೇಕು, ಏಕೆಂದರೆ ಅದು ಚಿತ್ರದ ನೋಟಕ್ಕೇ ಸಂಬಂಧಿಸಿದ್ದು. ಆ ಕಾಲದ ಬಣ್ಣದ ನೆಗೆಟಿವ್ ಬೆಳಕಿಗೆ ಅಷ್ಟು ಚುರುಕಾಗಿ ಸ್ಪಂದಿಸುತ್ತಿರಲಿಲ್ಲವಾದ್ದರಿಂದ ಅದಕ್ಕೆ ಹೆಚ್ಚು ದೀಪಗಳು ಬೇಕಾಗುತ್ತಿದ್ದವು. ದೀಪ ಹೆಚ್ಚಾದಷ್ಟೂ ಅವನ್ನು ಜೋಡಿಸುವ ಸಮಯವೂ ಹೆಚ್ಚು. ಚುರುಕಾದ ಕಪ್ಪು-ಬಿಳುಪು ಫಿಲ್ಮ್ ಇದ್ದರೆ ಲೆನ್ಸಿನ ಕಿಂಡಿಯನ್ನು ಕಿರಿದಾಗಿಸಿ, ಕ್ಯಾಮೆರಾಕ್ಕೆ ಒಂದೆರಡು ಅಡಿ ದೂರದಲ್ಲಿರುವ ವಸ್ತುವನ್ನೂ ಕೋಣೆಯ ಆ ತುದಿಯಲ್ಲಿ ನಿಂತ ಮನುಷ್ಯನನ್ನೂ ಒಟ್ಟಿಗೇ ಸ್ಪಷ್ಟವಾಗಿ ಹಿಡಿಯಬಹುದು. ಲೂಯಿಸ್ ತಮ್ಮ ವೃತ್ತಿಜೀವನವಿಡೀ ನೆಚ್ಚಿಕೊಂಡಿದ್ದ ಉಪಾಯ ಇದೇ. ಮೂವತ್ತರ ದಶಕದ ಕೊನೆಯಲ್ಲಿ ಅಗ್ಗದ ಕೌಬಾಯ್ ಚಿತ್ರಗಳನ್ನು ತೆಗೆಯುತ್ತಿದ್ದಾಗ, ಸಪ್ಪೆ ದೃಶ್ಯಗಳಿಗೆ ಒಂದು ಆಕಾರ ಬರಲೆಂದು ಅವರು ಗಾಡಿಚಕ್ರವೊಂದನ್ನು ಕ್ಯಾಮೆರಾದ ಮುಂದಿಟ್ಟು ಅದರ ಕಡ್ಡಿಗಳ ನಡುವಿನಿಂದ ಚಿತ್ರೀಕರಿಸುತ್ತಿದ್ದರು. ಇದರಿಂದ ರೋಸಿಹೋದ ಸಂಕಲನಕಾರರು ಅವರಿಗೆ ‘ವ್ಯಾಗನ್-ವೀಲ್ ಜೋ’ ಎಂದೇ ಅಡ್ಡಹೆಸರಿಟ್ಟಿದ್ದರು.

ಇದರ ಪ್ರಯೋಜನ ಅಂದಕ್ಕಷ್ಟೇ ಸೀಮಿತವಾಗಿರಲಿಲ್ಲ. ಇಬ್ಬರ ಮಾತುಕತೆಯನ್ನು ರೂಢಿಯಂತೆ ತೆಗೆಯಬೇಕಾದರೆ ಇಬ್ಬರೂ ಕಾಣುವ ಒಂದು ಶಾಟ್, ಒಬ್ಬೊಬ್ಬರ ಭುಜದ ಮೇಲಿನಿಂದ ಒಂದೊಂದು, ಮುಖಗಳ ಕ್ಲೋಸಪ್ ಒಂದೊಂದು ಎಂದು ಐದು ಬಾರಿ ಕ್ಯಾಮೆರಾ ಸರಿಸಿ ದೀಪ ಬದಲಿಸಬೇಕು. ಒಬ್ಬನನ್ನು ಮುನ್ನೆಲೆಯಲ್ಲಿ ಕೂರಿಸಿ, ಇನ್ನೊಬ್ಬನನ್ನು ಹಿನ್ನೆಲೆಯಲ್ಲಿ ಓಡಾಡಿಸಿ ಇಡೀ ದೃಶ್ಯವನ್ನು ಒಂದೇ ಟೇಕಿನಲ್ಲಿ ಮುಗಿಸಿದರೆ ಅರ್ಧ ದಿನ ಉಳಿಯುತ್ತದೆ. ಲೂಯಿಸ್ ಅವರೇ 1950ರಲ್ಲಿ ನಿರ್ದೇಶಿಸಿದ ‘ಗನ್ ಕ್ರೇಜಿ’ ಚಿತ್ರದಲ್ಲಿ ಬ್ಯಾಂಕ್ ದರೋಡೆಯೊಂದು ಪೂರ್ತಿಯಾಗಿ ಕಾರಿನ ಹಿಂದಿನ ಸೀಟಿನಿಂದ ತೆಗೆದ ಒಂದೇ ಶಾಟಿನಲ್ಲಿ ನಡೆದುಹೋಗುತ್ತದೆ, ಬ್ಯಾಂಕಿನ ಒಳಗನ್ನು ನಾವು ನೋಡುವುದೇ ಇಲ್ಲ. ಉಳಿತಾಯ ಎಲ್ಲಿ ಮುಗಿಯಿತು, ಶೈಲಿ ಎಲ್ಲಿ ಶುರುವಾಯಿತು ಎಂದು ಅಲ್ಲಿ ಬೇರ್ಪಡಿಸಿ ಹೇಳಲಾಗದು. ನಮ್ಮ ಚಿತ್ರದಲ್ಲಿ ಮ್ಯಾಕ್‌ನೀಲ್‌ನ ಹೋಟೆಲ್ ಕೋಣೆಯ ದೃಶ್ಯಗಳನ್ನು ಇನ್ನೊಮ್ಮೆ ಗಮನಿಸಿ: ಯಾರ ದೇಹ ಚೌಕಟ್ಟನ್ನು ತುಂಬಿದೆ, ಯಾರು ಮೂಲೆಗೆ ಒತ್ತಿದಂತೆ ನಿಂತಿದ್ದಾರೆ ಎಂಬುದರಿಂದಲೇ ಆಳು ಯಾರು, ಧಣಿ ಯಾರು ಎಂಬುದು ತಿಳಿಯುತ್ತದೆ, ಮತ್ತು ಆ ಸ್ಥಾನಗಳು ಬದಲಾಗುವುದೂ ಕಣ್ಣಿಗೆ ಬೀಳುತ್ತದೆ. ಇದನ್ನು ಸಾಧ್ಯವಾಗಿಸಿದ ಛಾಯಾಗ್ರಾಹಕ ರೇ ರೆನಹನ್ ಅವರ ಹೆಸರು ಚಿತ್ರಚರಿತ್ರೆಯಲ್ಲಿ ಉಳಿದಿರುವುದು ಬಣ್ಣದ ಕಾರಣಕ್ಕೆ. ಟೆಕ್ನಿಕಲರ್‌ನ ಆರಂಭಿಕ ಪರಿಣತರಲ್ಲಿ ಒಬ್ಬರಾದ ಅವರು ‘ಗಾನ್ ವಿತ್ ದಿ ವಿಂಡ್’ ಚಿತ್ರದ ಛಾಯಾಗ್ರಹಣಕ್ಕಾಗಿ ಆಸ್ಕರ್ ಹಂಚಿಕೊಂಡವರು. ಅಂಥವರ ಕೈಗೆ ಹತ್ತು ದಿನ, ಕಪ್ಪು-ಬಿಳುಪು ಫಿಲ್ಮ್ ಕೊಟ್ಟು ದುಡಿಸಿದ ಚಿತ್ರ ಇದು.

ಇನ್ನು ಕೊನೆಯನ್ನು ಮೊದಲೇ ತೋರಿಸಿದ ಪ್ರಶ್ನೆ. ಚಿತ್ರ ತೆರೆದೊಡನೆ ಹೇಡನ್ ಹಾರ್ಪೂನ್ ಹೊತ್ತು ಊರ ನಡುಬೀದಿಯಲ್ಲಿ ಬರುತ್ತಾನೆ, ಹಿಂದೆ ಊರ ಜನರ ಗುಂಪು. ಎದುರಿಗೆ ನಿಂತ ಕರಿಬಟ್ಟೆಯವನ ಬೆನ್ನಷ್ಟೇ ನಮಗೆ ಕಾಣುತ್ತದೆ, ದನಿ ಕೇಳುತ್ತದೆ: ಅದನ್ನು ಎಸೆಯಲು ನೀನಿನ್ನೂ ದೂರದಲ್ಲಿದ್ದೀಯ, ಇನ್ನಷ್ಟು ಹತ್ತಿರ ಬಾ ಎಂದು ಅವನು ಕೆಣಕುತ್ತಾನೆ. ಅಷ್ಟರಲ್ಲಿ ದೃಶ್ಯ ತುಂಡಾಗಿ, ಮುಂದೆ ಚಿತ್ರದಲ್ಲಿ ಬರಲಿರುವ ಘಟನೆಗಳ ತುಣುಕುಗಳ ಜತೆ ಹೆಸರುಗಳು ಮೂಡುತ್ತವೆ. ಜಿಪುಣತನದ ಕಣ್ಣಿನಿಂದ ನೋಡಿದರೆ, ಒಮ್ಮೆ ತೆಗೆದ ಫಿಲ್ಮನ್ನು ಎರಡು ಸಲ ಬಳಸಿ ಕೆಲವು ನಿಮಿಷಗಳನ್ನು ಬಿಟ್ಟಿಯಾಗಿ ತುಂಬಿದಂತಾಯಿತು. ಕುರ್ಚಿಯಲ್ಲಿ ಕೂತ ಪ್ರೇಕ್ಷಕನನ್ನು ಮೊದಲ ನಿಮಿಷದಲ್ಲೇ ಹಿಡಿದಿಡಬೇಕೆಂಬ ಟಿವಿ ಕಾಲದ ಅವಸರವೂ ಅದರಲ್ಲಿದೆ. ಆದರೆ ಇದರಿಂದಾಗುವ ಇನ್ನೊಂದು ಪರಿಣಾಮ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಕಾಳಗ ನಡೆದೇ ನಡೆಯುತ್ತದೆ ಎಂದು ತಿಳಿದುಹೋದ ಮೇಲೆ ಉಳಿಯುವ ಕುತೂಹಲ ಒಂದೇ: ಪಿಸ್ತೂಲು ಕೈಗೆಟಕುವಂತಿರುವ ಮನುಷ್ಯ ಎದುರಾಳಿಯನ್ನು ಹತ್ತಿರ ಬಾ ಎಂದು ಏಕೆ ಕರೆಯುತ್ತಾನೆ? ದೂರವಿದ್ದಷ್ಟೂ ಅವನಿಗೇ ಅನುಕೂಲವಲ್ಲವೇ?

ಈ ಪ್ರಶ್ನೆಯ ಉತ್ತರ ಕ್ರೇಲ್‌ನ ಪಾತ್ರದಲ್ಲಿದೆ. ವೆಸ್ಟರ್ನ್‌ಗಳ ಗನ್‌ಸ್ಲಿಂಗರ್ ಎಂದರೆ ಮಿಂಚಿನ ವೇಗದ ಕೈಯವನು ಎಂಬುದು ರೂಢಿ. ಕ್ರೇಲ್‌ನ ಆ ಕೈಯೇ ಹೋಗಿದೆ. ಬಲಗೈ ಇದ್ದಲ್ಲಿ ಈಗ ಕೈಗವಸಿನೊಳಗೆ ಉಕ್ಕಿನ ತುಂಡಿದೆ, ಅವನು ಎಡಗೈಯಲ್ಲಿ ಗುಂಡು ಹಾರಿಸುತ್ತಾನೆ. ವಯಸ್ಸಾಗುತ್ತಿದೆ, ಕಾಲ ಬದಲಾಗುತ್ತಿದೆ, ಜತೆಗಿರುವ ಮಾಲಿ ಎಂಬ ಹೆಂಗಸು ಈ ಬಾಳನ್ನು ಬಿಟ್ಟುಬಿಡೆಂದು ಹೇಳಿ ಹೇಳಿ ಸೋತಿದ್ದಾಳೆ. ಇಷ್ಟಾದರೂ ಅವನ ಕಸುಬು ನಡೆಯುತ್ತಿರುವುದು ಎದುರಿಗಿರುವವರ ಹೆದರಿಕೆಯ ಬಲದಿಂದ. ಕರಿಬಟ್ಟೆ, ನಿಧಾನದ ನಡಿಗೆ, ಎತ್ತರಿಸದ ದನಿ, ಎಲ್ಲವೂ ಆ ಹೆದರಿಕೆಯನ್ನು ಹುಟ್ಟಿಸುವ ಸಲಕರಣೆಗಳು. ಅವನು ಪಿಸ್ತೂಲಿಗೆ ಕೈಹಾಕುವ ಹೊತ್ತಿಗೆ ಎದುರಾಳಿ ಮನಸ್ಸಿನಲ್ಲೇ ಸತ್ತಿರುತ್ತಾನೆ. ನೆಡ್ರಿಕ್ ಯಂಗ್ ಈ ಪಾತ್ರವನ್ನು ಅಬ್ಬರವಿಲ್ಲದೆ, ಹಲವು ರಾತ್ರಿ ನಿದ್ದೆಗೆಟ್ಟ ಗುಮಾಸ್ತನ ಬೇಸರದಿಂದ ನಿರ್ವಹಿಸುತ್ತಾರೆ. ಚಿತ್ರದ ಅತ್ಯುತ್ತಮ ಅಭಿನಯ ಅವರದೇ, ಹೇಡನ್ ಅವರದಲ್ಲ.

ಚಿತ್ರದ ನಿಜವಾದ ತಿರುವು ಬರುವುದು ಮಿರಾಡಾನ ಸಾವಿನ ದೃಶ್ಯದಲ್ಲಿ. ಅಷ್ಟು ಹೊತ್ತು ಹೆದರಿಕೆಯಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದ ರೈತ ಕಡೆಗೂ ಜಾರ್ಜ್‌ಗೆ ನಿಜ ಹೇಳಿದ್ದಾನೆ, ಅದರ ಫಲವಾಗಿ ಕ್ರೇಲ್ ಅವನೆದುರು ಬಂದು ನಿಂತಿದ್ದಾನೆ. ಕ್ರೇಲ್ ಎಂದಿನಂತೆ ಎದುರಿನವನ ಕಣ್ಣಿನಲ್ಲಿ ಭಯ ಮೂಡುವುದನ್ನು ಕಾಯುತ್ತಾನೆ. ಅದು ಮೂಡುವುದಿಲ್ಲ. ಮಿರಾಡಾ ಬೇಡಿಕೊಳ್ಳುವುದಿಲ್ಲ, ಓಡುವುದಿಲ್ಲ, ಸುಮ್ಮನೆ ಅವನನ್ನೇ ನೋಡುತ್ತಾನೆ. ಕ್ರೇಲ್ ಗುಂಡು ಹಾರಿಸುತ್ತಾನಾದರೂ ಗೆದ್ದವನಂತೆ ಅಲ್ಲಿಂದ ಹೊರಡುವುದಿಲ್ಲ. ಸಾಯಲು ಹೆದರದ ಮನುಷ್ಯನನ್ನು ಕಂಡೆ ಎಂಬ ಮಾತನ್ನು ಅವನು ಆ ಮೇಲೆ ಮಾಲಿಗೆ ಹೇಳುವಾಗ, ಮುಂದಿನ ಕೊಲೆಗಳ ಎಣಿಕೆ ಎಲ್ಲೋ ತಪ್ಪಿದೆ ಎಂಬುದು ಅವನ ಮುಖದಲ್ಲೇ ಇದೆ. ಇಡೀ ದೃಶ್ಯಕ್ಕೆ ಬೇಕಾದದ್ದು ಇಬ್ಬರು ನಟರು, ಒಂದು ಬಡ ಮನೆ. ಹತ್ತು ಪಟ್ಟು ಹಣ ಇದ್ದಿದ್ದರೆ ಇಲ್ಲಿ ಕುದುರೆಗಳ ಬೆನ್ನಟ್ಟುವಿಕೆಯೋ ಬೆಂಕಿಯೋ ಬರುತ್ತಿತ್ತೇನೋ. ಹಣವಿಲ್ಲದ್ದರಿಂದ ಕ್ಯಾಮೆರಾ ಮುಖಗಳನ್ನು ನೋಡುತ್ತಾ ನಿಂತಿತು.

ಈ ದೃಶ್ಯದ ನಂತರ ಕೊನೆಯ ಕಾಳಗವನ್ನು ನೋಡಿದರೆ ಹಾರ್ಪೂನ್ ತಮಾಷೆಯಾಗಿ ಉಳಿಯುವುದಿಲ್ಲ. ಪಿಸ್ತೂಲು ಹಿಡಿದು ಬರುವವನ ಜತೆ ಹೇಗೆ ವ್ಯವಹರಿಸಬೇಕೆಂಬುದು ಕ್ರೇಲ್‌ಗೆ ಅಭ್ಯಾಸವಾಗಿದೆ. ಅಂಥವನು ಯಾವಾಗ ಕೈ ಚಾಚುತ್ತಾನೆ, ಯಾವಾಗ ಅಳುಕುತ್ತಾನೆ ಎಂಬುದನ್ನು ಅವನು ಓದಬಲ್ಲ. ಉದ್ದನೆಯ ಕಬ್ಬಿಣದ ಮೊನೆಯನ್ನು ಹೊತ್ತು ಸಮುದ್ರದಿಂದ ಬಂದ ಈ ಮನುಷ್ಯ ಅವನ ಲೆಕ್ಕದ ಹೊರಗಿನವನು. ಗೆಲ್ಲಲಾಗದ ಆಯುಧ ಹಿಡಿದು ಬರುವವನು ಹೆದರಲೇಬೇಕಿತ್ತು, ಆದರೆ ಹೆಜ್ಜೆ ನಿಲ್ಲಿಸದೆ ಬರುತ್ತಿದ್ದಾನೆ. ಹತ್ತಿರ ಬಾ ಎಂದು ಕ್ರೇಲ್ ಕರೆಯುವುದು ಕೊಬ್ಬಿನ ಮಾತಾಗಿ ಕೇಳಿಸಿದರೂ, ನನ್ನ ಓದಿನಲ್ಲಿ ಅದು ಭಯವನ್ನು ಹತ್ತಿರದಿಂದ ನೋಡಿ ಖಚಿತಪಡಿಸಿಕೊಳ್ಳುವ ಕೊನೆಯ ಪ್ರಯತ್ನ. ಮಿರಾಡಾನ ಕಣ್ಣಿನಲ್ಲಿ ಸಿಗದೆ ಹೋದದ್ದು ಇವನ ಕಣ್ಣಿನಲ್ಲಾದರೂ ಸಿಗಲಿ ಎಂಬ ಹಪಾಹಪಿ. ಆರಂಭದಲ್ಲಿ ಬೆನ್ನಷ್ಟೇ ಕಂಡ ಆ ಮನುಷ್ಯನ ಮಾತುಗಳೇ ಕೊನೆಯಲ್ಲಿ ಬೇರೆ ಅರ್ಥದಲ್ಲಿ ಕೇಳಿಸುವುದು ಇದರಿಂದ.

ಚಿತ್ರದ ಸುತ್ತಲಿನ ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ಉತ್ತರ ಅಪೂರ್ಣವಾಗುತ್ತದೆ. ಚಿತ್ರಕಥೆಗಾರನಾಗಿ ತೆರೆಯ ಮೇಲೆ ಬಂದದ್ದು ಬೆನ್ ಎಲ್. ಪೆರಿ ಎಂಬ ಹೆಸರು. ಅದರ ಹಿಂದೆ ಇದ್ದವರು ಡಾಲ್ಟನ್ ಟ್ರಂಬೋ. 1947ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೊಂದು ಹಾಲಿವುಡ್ಡಿನಲ್ಲಿ ಕಮ್ಯುನಿಸ್ಟರನ್ನು ಹುಡುಕಲು ಹೊರಟಾಗ ಉತ್ತರಿಸಲು ನಿರಾಕರಿಸಿ, ಸಂಸತ್ತಿನ ನಿಂದನೆಗಾಗಿ ಜೈಲಿಗೆ ಹೋದ ಹತ್ತು ಮಂದಿಯಲ್ಲಿ ಅವರೂ ಒಬ್ಬರು. ಸ್ಟುಡಿಯೊಗಳು ಕೆಲಸ ಕೊಡದವರ ಕಪ್ಪುಪಟ್ಟಿಗೆ ಸೇರಿದ ಮೇಲೆ ಅವರು ವರ್ಷಗಳ ಕಾಲ ಬೇರೆಯವರ ಹೆಸರಿನಲ್ಲಿ, ಸಿಕ್ಕಷ್ಟು ಸಂಭಾವನೆಗೆ ಬರೆದರು. 1960ರಲ್ಲಷ್ಟೇ ಅವರ ಹೆಸರು ಮತ್ತೆ ತೆರೆಯ ಮೇಲೆ ಬಂತು. ಕ್ರೇಲ್ ಪಾತ್ರಧಾರಿ ನೆಡ್ರಿಕ್ ಯಂಗ್ ಕೂಡ ಅದೇ ಪಟ್ಟಿಯಲ್ಲಿದ್ದವರು, ಮತ್ತು ಅವರೂ ಬರಹಗಾರರೇ; ಈ ಚಿತ್ರ ಬಂದ ವರ್ಷದ್ದೇ ಆದ ‘ದಿ ಡಿಫಯಂಟ್ ಒನ್ಸ್’ ಚಿತ್ರಕಥೆಗೆ ಹೆರಾಲ್ಡ್ ಜೇಕಬ್ ಸ್ಮಿತ್ ಅವರೊಂದಿಗೆ ದೊರೆತ ಆಸ್ಕರ್ ಯಂಗ್ ಅವರ ಪಾಲಿಗೆ ಬಂದದ್ದು ನೇಥನ್ ಇ. ಡಗ್ಲಸ್ ಎಂಬ ಸುಳ್ಳು ಹೆಸರಿನಲ್ಲಿ. ಇನ್ನು ಹೇಡನ್ ಅವರದು ಬೇರೆಯೇ ಕಥೆ. 1951ರಲ್ಲಿ ಅವರು ಅದೇ ಸಮಿತಿಯ ಮುಂದೆ ಹಾಜರಾಗಿ ಒಂದು ಕಾಲದ ಸಂಗಾತಿಗಳ ಹೆಸರು ಹೇಳಿದ್ದರು, ಬದುಕಿನುದ್ದಕ್ಕೂ ಅದಕ್ಕಾಗಿ ಪರಿತಪಿಸಿದರು, 1963ರ ಆತ್ಮಕಥೆಯಲ್ಲಿ ತಮ್ಮನ್ನು ತಾವೇ ಕ್ಷಮಿಸದೆ ಬರೆದುಕೊಂಡರು.

ಹೀಗೆ ಹೆಸರು ಹೇಳಿದ ನಟ, ಹೇಳದೆ ಕೆಲಸ ಕಳೆದುಕೊಂಡ ನಟ, ಹೇಳದೆ ಜೈಲು ಕಂಡ ಬರಹಗಾರ ಮೂವರೂ ಸೇರಿದ ಈ ಚಿತ್ರದಲ್ಲಿ, ಕಂಡದ್ದನ್ನು ಹೇಳಬೇಕೋ ಬೇಡವೋ ಎಂಬ ಸಂಕಟವೇ ಕಥೆಯ ನಡುವೆ ಕೂತಿದೆ. ಆದರೆ ಇದನ್ನು ಒಂದಕ್ಕೊಂದು ತಾಳೆ ಹಾಕಿ ಓದಲು ಹೋದರೆ ಎಡವುತ್ತೇವೆ. ಸಮಿತಿಯ ಮುಂದೆ ಮೌನ ಧೈರ್ಯವಾಗಿತ್ತು. ಚಿತ್ರದಲ್ಲಿ ಮಿರಾಡಾನ ಮೌನ ಹೆದರಿಕೆ, ಮಾತೇ ಧೈರ್ಯ. ಟ್ರಂಬೋ ತಮ್ಮ ಅನುಭವವನ್ನು ನೇರವಾಗಿ ರೂಪಕ ಮಾಡಿ ಇಟ್ಟಿಲ್ಲ. ಭಯ ಒಂದು ಊರನ್ನು ಹೇಗೆ ಆಳುತ್ತದೆ, ಮತ್ತು ಅದನ್ನು ಹಂಚಲು ಸಂಬಳ ಪಡೆಯುವವನ ಒಳಗೆ ಏನಾಗುತ್ತದೆ ಎಂಬುದನ್ನಷ್ಟೇ ಅವರು ಅನುಭವದಿಂದ ತಂದಿದ್ದಾರೆ ಎನ್ನುವುದು ನನ್ನ ಅಭಿಪ್ರಾಯ. ಕಪ್ಪುಪಟ್ಟಿಯವರಿಗೆ ಕೆಲಸ ಸಿಗುತ್ತಿದ್ದದ್ದು ಹೆಚ್ಚಾಗಿ ಇಂಥ ಅಗ್ಗದ, ಯಾರೂ ಕಣ್ಣಿಟ್ಟು ನೋಡದ ಚಿತ್ರಗಳಲ್ಲೇ ಎಂಬುದನ್ನೂ ನೆನಪಿಡಬೇಕು. ದೊಡ್ಡ ಬಜೆಟ್ಟಿನ ಚಿತ್ರವಾಗಿದ್ದರೆ ಈ ಜನ ಒಂದೆಡೆ ಸೇರುತ್ತಲೇ ಇರಲಿಲ್ಲ.

ಕೊರತೆಗಳೂ ಇವೆ, ಅವನ್ನು ಬಜೆಟ್ಟಿನ ತಲೆಗೆ ಕಟ್ಟುವಂತಿಲ್ಲ. ಹೇಡನ್ ತಂದುಕೊಂಡಿರುವ ಸ್ವೀಡಿಷ್ ಧಾಟಿ ಒಂದು ದೃಶ್ಯದಲ್ಲಿದ್ದಂತೆ ಇನ್ನೊಂದರಲ್ಲಿ ಇರುವುದಿಲ್ಲ. ಅವರು ಹದಿಹರೆಯದಲ್ಲೇ ಸಮುದ್ರಕ್ಕೆ ಹೋದ ನಿಜವಾದ ನಾವಿಕರಾಗಿದ್ದರು. ಬಾಯಿ ತೆರೆಯದೆ ನಡೆಯುವಾಗ, ಹಾರ್ಪೂನನ್ನು ಹೆಗಲಿಗೇರಿಸುವಾಗ ಕಾಣುವ ಸಹಜತೆ ಮಾತಿನಲ್ಲಿ ಇಲ್ಲ. ಮಾಲಿಯ ಪಾತ್ರಕ್ಕೆ ಕ್ರೇಲ್‌ನ ಅಳಲನ್ನು ಕೇಳಿಸಿಕೊಳ್ಳುವುದನ್ನು ಬಿಟ್ಟರೆ ಹೆಚ್ಚು ಕೆಲಸವಿಲ್ಲ. ಎಣ್ಣೆಯ ಸಂಗತಿ ಕಥೆಗೆ ಕಾರಣ ಒದಗಿಸಿ ಮರೆಯಾಗುತ್ತದೆ. ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವುದು, ಮೆಕ್ಸಿಕನ್ ರೈತನೊಬ್ಬ ಸತ್ತು ಬಿಳಿಯ ನಾಯಕನಿಗೆ ದಾರಿ ಮಾಡಿಕೊಡುವ ಹಳೆಯ ಹಾಲಿವುಡ್ ಚಾಳಿ ಇಲ್ಲೂ ತಪ್ಪಿಲ್ಲ ಎಂಬುದು. ಕ್ರೇಲ್‌ನನ್ನು ಒಳಗಿನಿಂದ ಮುರಿದವನು ಮಿರಾಡಾ, ಆದರೆ ಊರ ಜನ ಬೆನ್ನಿಗೆ ನಿಲ್ಲುವುದು ಹ್ಯಾನ್ಸನ್‌ಗೆ.

ಲೂಯಿಸ್ ಅವರ ಬೇರೆ ಕೆಲಸವನ್ನೂ ನೋಡುವ ಆಸಕ್ತಿ ನಿಮಗಿದ್ದರೆ ಒಂದು ಸೂಚನೆ. ಈ ಚಿತ್ರದ ನಂತರ ಅವರು ಚಿತ್ರಮಂದಿರಕ್ಕಾಗಿ ಇನ್ನೊಂದು ಚಿತ್ರ ಮಾಡಲಿಲ್ಲ. ಬಿ-ವೆಸ್ಟರ್ನ್‌ಗಳನ್ನು ನುಂಗಿದ ಟಿವಿಗೇ ಹೋಗಿ, ಅದೇ 1958ರಲ್ಲಿ ಆರಂಭವಾದ ‘ದಿ ರೈಫಲ್‌ಮನ್’ ಎಂಬ ಅರ್ಧ ಗಂಟೆಯ ಕಪ್ಪು-ಬಿಳುಪು ಸರಣಿಯ ಸುಮಾರು 50 ಕಂತುಗಳನ್ನು ನಿರ್ದೇಶಿಸಿದರು. ಅಲ್ಲಿ ಸಮಯ ಇನ್ನೂ ಕಡಿಮೆ, ಆದರೆ ಮುನ್ನೆಲೆಗೆ ವಸ್ತುವಿಟ್ಟು ಆಳದಲ್ಲಿ ಮನುಷ್ಯರನ್ನು ನಿಲ್ಲಿಸುವ ಕೈಚಳಕ ಹಾಗೆಯೇ ಉಳಿದಿದೆ. ‘ಗನ್ ಕ್ರೇಜಿ’ಯಿಂದ ಆರಂಭಿಸಿ, ಆ ಮೇಲೆ ಈ ಚಿತ್ರವನ್ನು ಇನ್ನೊಮ್ಮೆ ನೋಡಿ, ಅನಂತರ ಆ ಸರಣಿಯಲ್ಲಿ ಅವರ ಹೆಸರಿರುವ ಕಂತುಗಳನ್ನು ಆರಿಸಿಕೊಳ್ಳುವುದು ಒಳ್ಳೆಯ ಕ್ರಮ.